ಗಾಲಿಕುರ್ಚಿಯಲ್ಲಿ ಗೊಟಗೋಡಿ: ನಡೆಯಲಾಗದ ಹಿರಿಯರನ್ನು ರಾಕ್ ಗಾರ್ಡನ್‌ಗೆ ಕರೆದೊಯ್ಯುವ ಬಗೆ

ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೊರಟು ತಡಸ ಕ್ರಾಸ್ ದಾಟಿದರೆ, ಶಿಗ್ಗಾವಿ ಮುಟ್ಟುವ ಮೊದಲೇ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಿಗೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಸಿಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಈ ಉದ್ಯಾನದಲ್ಲಿ ನಮ್ಮ ಕಡೆಯ ಹಳ್ಳಿಯ ಬದುಕನ್ನು ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಮೊಣಕಾಲು ಹೋದ ಅಜ್ಜಿ, ಲಕ್ವ ಹೊಡೆದ ಕಾಕಾ ಮನೆಯಲ್ಲಿದ್ದರೆ ಮೊದಲ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಈ ಭಾಗದಲ್ಲಿ ಕಡಿಮೆ. ಜೈಂಟ್ ವೀಲ್, ನೀರಿನ ಜಾರುಬಂಡಿ ಇರುವ ಪಾರ್ಕಿನಲ್ಲಿ ಹಿರಿಯರು ಚಪ್ಪಲಿ ಮತ್ತು ಬ್ಯಾಗು ಕಾಯುತ್ತ ಕೂರುತ್ತಾರೆ. ಇಲ್ಲಿ ಹಾಗಲ್ಲ. ಕುಂಟೆ, ಕೂರಿಗೆ, ರಾಶಿ ಕಣ ಅಂದರೇನು ಅಂತ ಹೇಳಬೇಕಾದವರೇ ಅವರು. ಆದ್ದರಿಂದ ದಿನದ ಲೆಕ್ಕವನ್ನೆಲ್ಲ ಅವರ ಕುರ್ಚಿಯಿಂದಲೇ ಶುರು ಮಾಡಿ. ಎಷ್ಟು ನೋಡಿದಿರಿ ಅನ್ನುವುದು ಆಮೇಲಿನ ಮಾತು.

ದಿನ ಯಾವುದು, ಹೊತ್ತು ಯಾವುದು

ನವೆಂಬರ್‌ನಿಂದ ಫೆಬ್ರವರಿವರೆಗಿನ ಹವೆ ಚಲೋ. ಮಾರ್ಚ್ ದಾಟಿದ ಮೇಲೆ ಗಾಲಿಕುರ್ಚಿಯ ಕಬ್ಬಿಣದ ಕೈಪಟ್ಟಿಯೇ ಕೈ ಸುಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ನೆಲ ಹಸಿಯಾಗಿ ಮುಂದಿನ ಸಣ್ಣ ಗಾಲಿ ಹೂತುಕೊಳ್ಳುತ್ತದೆ. ಆದರೆ ಇದೇ ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳೂ ಸಾಲುಗಟ್ಟುತ್ತವೆ. ಓಡಾಡುವ ನೂರು ಮಕ್ಕಳ ನಡುವೆ ಕುರ್ಚಿ ನೂಕುವುದು ಸಂತೆಯಲ್ಲಿ ಚಕ್ಕಡಿ ಹೊಡೆದಂತೆ. ಬಾಗಿಲು ತೆರೆಯುವ ಹೊತ್ತಿಗೇ ಒಳಗಿದ್ದು, ಬಿಸಿಲು ನೆತ್ತಿಗೆ ಬರುವ ಮೊದಲೇ ನೆರಳು ಸೇರುವಂತೆ ಹೊರಡಿ.

ಅದೇ ದಾರಿಯಲ್ಲಿ ಬಾಡದ ಕನಕದಾಸರ ಅರಮನೆ ಇದೆ, ಮುಂದೆ ಹೋದರೆ ಕಾಗಿನೆಲೆಯೂ ಇದೆ ಅಂತ ಒಂದೇ ದಿನಕ್ಕೆ ಮೂರನ್ನೂ ಗಂಟು ಹಾಕುವುದು ನಮ್ಮವರ ಚಾಳಿ. ಪ್ರತಿ ನಿಲುಗಡೆಗೂ ಕಾರಿನಿಂದ ಒಂದು ಇಳಿಸುವುದು, ಒಂದು ಹತ್ತಿಸುವುದು. ಮೂರು ಊರೆಂದರೆ, ಮನೆಯದೂ ಸೇರಿ, ಎಂಟು ಸಲ ಏಳುವುದು, ಕೂರುವುದು. ಆರನೆಯ ಸಲಕ್ಕೆ ಅವರ ಕಾಲೂ ಸೋತಿರುತ್ತದೆ, ಎತ್ತುವವರ ನಡುವೂ ಸೋತಿರುತ್ತದೆ. ಬೀಳುವುದು ಆಗಲೇ. ಒಂದು ದಿನಕ್ಕೆ ಒಂದೇ ಊರು ಇರಲಿ.

ಫೋನಿನಲ್ಲಿ ಕೇಳುವ ಮಾತು

"ಗಾಲಿಕುರ್ಚಿಗೆ ಅನುಕೂಲ ಐತೇನ್ರಿ?" ಅಂತ ಕೇಳಿದರೆ ಯಾವ ಪಾರ್ಕಿನವರೂ "ಐತ್ರಿ, ಬರ್ರಿ" ಅಂತಲೇ ಹೇಳುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಕುರ್ಚಿಯನ್ನು ನೂಕಿ ನೋಡಿರುವುದಿಲ್ಲ ಅಷ್ಟೇ. ಬಿಡಿಬಿಡಿಯಾಗಿ ಕೇಳಿ. ಟಿಕೆಟ್ ಕಿಟಕಿಯಿಂದ ಒಳಗೆ ಹೋಗುವಾಗ ಮೆಟ್ಟಿಲು ಎಷ್ಟು? ತಿರುಗುವ ಗೇಟು ಇದ್ದರೆ ಪಕ್ಕದ ದೊಡ್ಡ ಗೇಟು ತೆಗೆಯುತ್ತೀರಾ? ದಾರಿ ಫರಸಿಯೋ, ಕಾಂಕ್ರೀಟೋ, ಖಡಿ ಹಾಸಿದ್ದೋ? ಕಮೋಡ್ ಇರುವ ಶೌಚಾಲಯ ಇದೆಯೇ, ಅದರ ಬಾಗಿಲ ಅಗಲ ಎಷ್ಟು? ಕಾರನ್ನು ಗೇಟಿನ ತನಕ ತಂದು ಇಳಿಸಿ, ಆಮೇಲೆ ಪಾರ್ಕಿಂಗ್‌ಗೆ ಒಯ್ಯಬಹುದೇ?

ಇದಕ್ಕಿಂತ ಒಳ್ಳೆಯದು, ಮನೆಯ ಒಬ್ಬರು ಮೊದಲೇ ಹೋಗಿ ನೋಡಿ ಬರುವುದು. ಹೋಗುವಾಗ ಜೇಬಿನಲ್ಲಿ ಒಂದು ದಾರ ಇಟ್ಟುಕೊಳ್ಳಲಿ. ಮನೆಯಲ್ಲಿ ಕುರ್ಚಿಯ ಮಡಿಕೆಯನ್ನು ಪೂರ್ತಿ ಬಿಡಿಸಿ, ಒಂದು ಬದಿಯ ಕೈಗಾಲಿಯ (ಕೂತವರು ಕೈಯಿಂದ ತಿರುಗಿಸುವ ಬಳೆಯ) ಹೊರ ಅಂಚಿನಿಂದ ಇನ್ನೊಂದು ಬದಿಯ ಹೊರ ಅಂಚಿಗೆ ದಾರ ಹಿಡಿದು ಗಂಟು ಹಾಕಿ. ಸಾಮಾನ್ಯ ಮಡಿಚುವ ಕುರ್ಚಿಯಾದರೆ ಅದು 65 ಸೆಂ.ಮೀ. ಆಸುಪಾಸು ಬರುತ್ತದೆ. ಅದರಾಚೆ ಎರಡೂ ಬದಿಗೆ ನಾಲ್ಕು ಬೆರಳು ಬಿಟ್ಟು ಮತ್ತೆ ಎರಡು ಗಂಟು. ಹೊರಗಿನ ಗಂಟುಗಳು ಬಾಗಿಲಲ್ಲಿ ಹಿಡಿದರೆ ಕುರ್ಚಿ ಸರಾಗ ಹೋಗುತ್ತದೆ. ಒಳಗಿನ ಗಂಟು ಮಾತ್ರ ಹಿಡಿದರೆ ಕುರ್ಚಿ ಹೋದೀತು, ಬೆರಳು ಮಾತ್ರ ಜಜ್ಜಿಕೊಳ್ಳುತ್ತವೆ. ಟೇಪು ಓದಿ ಅಂಕಿ ಬರೆದುಕೊಳ್ಳುವುದಕ್ಕಿಂತ ಈ ದಾರ ಲಗು ಕೆಲಸ ಕೊಡುತ್ತದೆ.

ಕುರ್ಚಿ

ಇಲ್ಲಿ ತುಸು ನಿಲ್ಲಬೇಕು. ಅರ್ಧಕ್ಕರ್ಧ ಪ್ರವಾಸ ಕೆಡುವುದು ಕುರ್ಚಿಯಿಂದಲೇ.

ಸ್ವಂತ ಕುರ್ಚಿ ಇಲ್ಲದಿದ್ದರೆ ಸರ್ಜಿಕಲ್ ಅಂಗಡಿಗಳಲ್ಲಿ ದಿನದ ಅಥವಾ ತಿಂಗಳ ಬಾಡಿಗೆಗೆ ವಿಚಾರಿಸಿ. ಹುಬ್ಬಳ್ಳಿಯಲ್ಲಾದರೆ ವಿದ್ಯಾನಗರದ ಕಿಮ್ಸ್ ಆಸ್ಪತ್ರೆಯ ಸುತ್ತಮುತ್ತ ಕೇಳಬಹುದು. ಎರಡು ಜಾತಿಯ ಕುರ್ಚಿ ತೋರಿಸುತ್ತಾರೆ. ನಾಲ್ಕೂ ಗಾಲಿ ಸಣ್ಣವಿರುವುದು ಹಗುರ, ಡಿಕ್ಕಿಯಲ್ಲಿ ಸುಲಭವಾಗಿ ಕೂರುತ್ತದೆ, ಆಸ್ಪತ್ರೆಯ ಟೈಲ್ಸ್ ಮೇಲೆ ಚಂದ ಓಡುತ್ತದೆ. ಮಣ್ಣು, ಖಡಿ ಇರುವ ಜಾಗಕ್ಕೆ ಅದು ಉಪಯೋಗವಿಲ್ಲ. ಹಿಂದೆ 24 ಇಂಚಿನ ದೊಡ್ಡ ಗಾಲಿ, ಮುಂದೆ 8 ಇಂಚಿನ ಗಾಲಿ ಇರುವುದನ್ನೇ ತನ್ನಿ. ತೂಕ 16ರಿಂದ 20 ಕೆ.ಜಿ. ಇದ್ದರೂ ಅದೇ ವಾಸಿ.

ಅಳತೆ ನೋಡುವಾಗ ಕೂತವರ ಸೊಂಟದ ಎರಡೂ ಬದಿಗೆ ಅಂಗೈ ಚಪ್ಪಟೆಯಾಗಿ ತೂರುವಷ್ಟು ಜಾಗ ಇರಬೇಕು. ಹೆಚ್ಚಾದರೆ ಒಂದು ಬದಿಗೆ ವಾಲುತ್ತಾರೆ, ಕಡಿಮೆಯಾದರೆ ತೊಡೆ ಉಜ್ಜಿ ಗಾಯವಾಗುತ್ತದೆ. ಕಾಲಿಡುವ ಹಲಗೆ ನೆಲದಿಂದ ಕನಿಷ್ಠ 5 ಸೆಂ.ಮೀ. ಮೇಲಿರಬೇಕು, ಇಲ್ಲದಿದ್ದರೆ ಮೊದಲ ಉಬ್ಬಿಗೇ ತಾಗಿ ಕುರ್ಚಿ ಮುಗ್ಗರಿಸುತ್ತದೆ.

ಬ್ರೇಕ್ ಹಾಕಿ ನೂಕಿ ನೋಡಿ. ಗಾಲಿ ಜಾರಿದರೆ ಬ್ರೇಕೇ ಕೆಟ್ಟಿದೆ ಅನ್ನುವ ಮೊದಲು ಹವಾ ನೋಡಿ. ಹವಾ ತುಂಬುವ ಟೈರಿನ ಕುರ್ಚಿಯಲ್ಲಿ ಬ್ರೇಕಿನ ಕಬ್ಬಿಣ ಟೈರನ್ನೇ ಒತ್ತಿ ಹಿಡಿಯುತ್ತದೆ. ಹವಾ ಇಳಿದರೆ ಟೈರು ತಗ್ಗಿ, ಬ್ರೇಕ್ ಗಾಳಿಯಲ್ಲಿ ನಿಲ್ಲುತ್ತದೆ. ಹಿಂದಿನ ದಿನ ಸೈಕಲ್ ಅಂಗಡಿಯಲ್ಲಿ ಎರಡೂ ಗಾಲಿಗೆ ಸಮನಾಗಿ ಹವಾ ಹೊಡೆಸಿ. ಒಂದರಲ್ಲಿ ಕಡಿಮೆಯಾದರೆ ಕುರ್ಚಿ ದಿನವಿಡೀ ಆ ಕಡೆಗೇ ಎಳೆಯುತ್ತದೆ. ಮುಂದಿನ ಗಾಲಿಯ ಅಚ್ಚಿನಲ್ಲಿ ಕೂದಲು, ನೂಲು ಸುತ್ತಿಕೊಂಡಿದ್ದರೆ ಕತ್ತರಿಸಿ ತೆಗೆಯಿರಿ.

ಸೀಟಿನ ಮೇಲೆ 3 ಇಂಚಿನ ಗಟ್ಟಿ ಫೋಮ್ ಇಡಿ. ಗಾಳಿ ತುಂಬಿದ ರಬ್ಬರ್ ಉಂಗುರ ಬೇಡ. ಮೆತ್ತಗೆ ಅನಿಸಿದರೂ ಅದರ ಸುತ್ತಲಿನ ಅಂಚು ಚರ್ಮ ಒತ್ತಿ ನಡುವಿನ ಭಾಗಕ್ಕೆ ರಕ್ತ ಓಡುವುದನ್ನು ಕಡಿಮೆ ಮಾಡುತ್ತದೆ. ಬಡ ಕುಟುಂಬದ 60 ದಾಟಿದ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಗಾಲಿಕುರ್ಚಿ, ಊರುಗೋಲು ಪುಕ್ಕಟೆ ಸಿಗುವುದುಂಟು. ಅದಕ್ಕೆ ಶಿಬಿರ ನಡೆಯುವ ತನಕ ಕಾಯಬೇಕಾಗುತ್ತದೆ, ಪ್ರವಾಸದ ತಾರೀಖಿಗೆ ಅದನ್ನು ನಂಬಿ ಕೂರಬೇಡಿ.

ಮನೆಯ ಹತ್ತಿರ ಒಂದು ತಾಲೀಮು

ಕುರ್ಚಿ ಬಂದ ಮೇಲೆ ಒಂದು ಸಂಜೆ ಉಣಕಲ್ ಕೆರೆಯ ದಂಡೆಗೋ, ಧಾರವಾಡದವರಾದರೆ ಸಾಧನಕೇರಿಗೋ ಹೋಗಿ ಬನ್ನಿ. ಅವಳಿ ನಗರದವರಿಗೆ ಚಿಗರಿ ಬಸ್ಸಿನ ಅನುಕೂಲವೂ ಇದೆ. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟಕ್ಕಿರುವುದರಿಂದ ಕುರ್ಚಿಯನ್ನು ಎತ್ತದೆ ಒಳಗೆ ಒಯ್ಯಬಹುದು. ಕಟ್ಟೆಗೂ ಬಸ್ಸಿಗೂ ನಡುವಿನ ಸಂದಿನಲ್ಲಿ ಮುಂದಿನ ಗಾಲಿ ಸಿಗದಂತೆ ಹಿಮ್ಮುಖವಾಗಿ, ದೊಡ್ಡ ಗಾಲಿ ಮೊದಲು ದಾಟಿಸಿ. ಈ ತಾಲೀಮಿನಲ್ಲಿ ತಿಳಿಯಬೇಕಾದ್ದು ಒಂದೇ: ಎಷ್ಟು ಹೊತ್ತು ಕೂತ ಮೇಲೆ ಅವರು "ಸಾಕಪಾ" ಅನ್ನುತ್ತಾರೆ? ಎರಡು ತಾಸಾದರೆ, ಗೊಟಗೋಡಿಯಲ್ಲಿ ಎರಡು ತಾಸಿಗೊಮ್ಮೆ ಮಲಗಲು ಜಾಗ ಬೇಕು ಅಂತ ಅರ್ಥ.

ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಟಿಕೆಟ್ ಬೇಕಿಲ್ಲ ಅಂತ ಗೊಟಗೋಡಿಗೆ ಕೆಂಪು ಬಸ್ಸಿನಲ್ಲಿ ಹೊರಡಬೇಡಿ. ಅದರ ಮೊದಲ ಮೆಟ್ಟಿಲು ಗಟ್ಟಿಮುಟ್ಟಾದ ಮೊಣಕಾಲಿಗೇ ಎತ್ತರ.

ಕಾರು ಹತ್ತಿಸುವುದು

ಬಾಡಿಗೆ ಕಾರು ಹೇಳುವಾಗ ಎರಡು ಮಾತು ಕೇಳಿ. ಒಂದು, ಸೀಟು ನೆಲದಿಂದ ಎಷ್ಟು ಎತ್ತರ? ಕುರ್ಚಿಯ ಸೀಟು 50 ಸೆಂ.ಮೀ. ಆಸುಪಾಸು ಇರುತ್ತದೆ. ಕಾರಿನದು 50ರಿಂದ 60 ಇದ್ದರೆ ಸಲೀಸು. ದೊಡ್ಡ ಜೀಪು, ಟೆಂಪೊ ಟ್ರಾವೆಲರ್ ಎಲ್ಲರೂ ಹಿಡಿಸುತ್ತವೆ ಅಂತ ತರಿಸಿದರೆ ಅಜ್ಜಿಯನ್ನು ಮೂಟೆಯಂತೆ ಎತ್ತಬೇಕಾಗುತ್ತದೆ, ಅವರಿಗೆ ಅದಕ್ಕಿಂತ ದೊಡ್ಡ ಸಂಕೋಚ ಬೇರೆ ಇಲ್ಲ. ಎರಡು, ಸಿಎನ್‌ಜಿ ಗಾಡಿಯೇ? ಆಗಿದ್ದರೆ ಹೆಚ್ಚಾಗಿ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ, ಮಡಿಚಿದ ಕುರ್ಚಿಗೆ ಜಾಗವಿಲ್ಲ. ಇದು ಗೊತ್ತಾಗುವುದು ಸಾಮಾನ್ಯವಾಗಿ ಬೆಳಿಗ್ಗೆ ಏಳಕ್ಕೆ, ಮನೆ ಮುಂದೆ.

ಮುಂದಿನ ಎಡ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ತುಸು ವಾಲಿಸಿ. ಕಾರನ್ನು ರಸ್ತೆಯ ಅಂಚಿನಿಂದ ದೂರ, ಮಟ್ಟಸ ನೆಲದ ಮೇಲೆ ನಿಲ್ಲಿಸಬೇಕು. ಕುರ್ಚಿಯನ್ನು ತೆರೆದ ಬಾಗಿಲ ಒಳಗೆ ಓರೆಯಾಗಿ ತಂದು, ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆಗಳನ್ನು ಮೇಲಕ್ಕೆ ಮಡಿಚಿ. ಈ ಹಲಗೆಯ ಮೇಲೆ ನಿಂತು ಏಳಲು ಹೋದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಪಾದ ನೆಲಕ್ಕೆ ಊರಿ, ಮುಂದಕ್ಕೆ ಬಾಗಿ, "ಒಂದು, ಎರಡು, ಏಳ್ರಿ" ಅಂದಾಗ ಎಲ್ಲರೂ ಒಟ್ಟಿಗೆ. ನಿಂತ ಮೇಲೆ ತಲೆ ಸುತ್ತುತ್ತದೆಯೇ ಕೇಳಿ, ಬಿಪಿ ಗುಳಿಗೆ ತಗೊಳ್ಳುವವರಿಗೆ ಅದು ಸಾಮಾನ್ಯ. ಆಮೇಲೆ ಮೊದಲು ಕುಂಡಿ ಸೀಟಿಗೆ, ತಲೆಯ ಮೇಲೆ ನಿಮ್ಮ ಕೈ ಇಟ್ಟು ಕಾರಿನ ಚೌಕಟ್ಟಿಗೆ ಬಡಿಯದಂತೆ ನೋಡಿಕೊಳ್ಳಿ, ಕೊನೆಗೆ ಎರಡೂ ಕಾಲು ಒಟ್ಟಿಗೆ ಒಳಗೆ. ಬಟ್ಟೆಯ ಸೀಟಿನ ಮೇಲೆ ತಿರುಗುವುದು ಕಷ್ಟವಾದರೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ ಕೂರಿಸಿದರೆ ಸರಕ್ಕನೆ ತಿರುಗುತ್ತಾರೆ. ಗಾಡಿ ಬಿಡುವ ಮೊದಲು ಅದನ್ನು ಎಳೆದು ತೆಗೆಯಲೇಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಅವರೂ ಜಾರುತ್ತಾರೆ.

ಲಕ್ವ ಹೊಡೆದವರಿಗೆ ಅವರ ಗಟ್ಟಿ ಬದಿಯ ಕಡೆಗೆ ಸರಿಯುವುದು ಸುಲಭ. ಸೋತ ಕೈಯನ್ನು ಹಿಡಿದಾಗಲಿ, ಆ ಕಂಕುಳಲ್ಲಿ ಕೈ ಹಾಕಿಯಾಗಲಿ ಎಂದೂ ಎತ್ತಬೇಡಿ. ಆ ಭುಜದ ಸ್ನಾಯು ಸಡಿಲಾಗಿರುತ್ತದೆ, ಕೀಲು ಜಾರಿದರೆ ತಿಂಗಳುಗಟ್ಟಲೆ ನೋವು. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ.

ಉದ್ಯಾನದೊಳಗೆ

ಮೂರು ಜನ ಬೇಕು. ಒಬ್ಬರು ನೂಕಲು, ಒಬ್ಬರು ಹತ್ತು ಹೆಜ್ಜೆ ಮುಂದೆ ನಡೆದು ನೆಲ ನೋಡಲು, ಒಬ್ಬರು ಕೊಡೆ ಮತ್ತು ಚೀಲಕ್ಕೆ. ನೂಕುವವರ ಎರಡೂ ಕೈ ಕುರ್ಚಿಯ ಮೇಲೇ ಇರುವುದರಿಂದ ಕೊಡೆ ಅವರ ಪಾಲಿಗಲ್ಲ. ಅರ್ಧ ತಾಸಿಗೊಮ್ಮೆ ಆಳು ಬದಲಾಗಲಿ. ಚೀಲಗಳನ್ನು ಹಿಂದಿನ ಹಿಡಿಕೆಗೆ ತೂಗುಹಾಕಿದರೆ, ಅಜ್ಜಿ ಎದ್ದ ಕೂಡಲೇ ಕುರ್ಚಿ ಬೆನ್ನಡಿಯಾಗಿ ಬೀಳುತ್ತದೆ. ಇನ್ನೊಂದು ಅಪಾಯ ಸೀರೆಯದು. ಸೆರಗು, ಚಾದರದ ತುದಿ, ಧೋತರದ ಅಂಚು ಗಾಲಿಯ ಕಡ್ಡಿಗೆ ಸಿಕ್ಕರೆ ಎಳೆದ ರಭಸಕ್ಕೆ ಕುತ್ತಿಗೆಗೇ ಬರಬಹುದು. ಹೊರಡುವ ಮುಂಚೆ ಸೆರಗನ್ನು ಸುತ್ತಿ ತೊಡೆಯ ಕೆಳಗೆ ಸಿಕ್ಕಿಸಿ, ಪಿನ್ನು ಹಾಕಿ.

ಖಡಿ, ಹುಲ್ಲು, ಸಡಿಲು ಮಣ್ಣು ಬಂದಾಗ ಮುಂದಕ್ಕೆ ನೂಕಬೇಡಿ. ಕುರ್ಚಿಯನ್ನು ತಿರುಗಿಸಿ, ತುಸು ಹಿಂದಕ್ಕೆ ವಾಲಿಸಿ, ಮುಂದಿನ ಸಣ್ಣ ಗಾಲಿ ನೆಲ ಬಿಟ್ಟಿರುವಂತೆ ಹಿಮ್ಮುಖವಾಗಿ ಎಳೆಯಿರಿ. ವಾಲಿಸುವ ಮೊದಲು "ಅವ್ವ, ಹಿಂದಕ್ಕ ವಾಲಸ್ತೀನಿ" ಅಂತ ಹೇಳುವುದನ್ನು ಮರೆಯಬಾರದು. ಬೆನ್ನ ಹಿಂದಿನವರು ಏನು ಮಾಡುತ್ತಾರೋ ತಿಳಿಯದೆ ಅವರು ಗಾಬರಿಯಿಂದ ಗಾಲಿ ಹಿಡಿದುಕೊಳ್ಳುತ್ತಾರೆ, ಬೆರಳು ಸಿಗುವುದು ಆಗಲೇ.

ಒಂದು ಮೆಟ್ಟಿಲು ಏರಬೇಕಾದರೆ: ಮೆಟ್ಟಿಲಿಗೆ ನೇರವಾಗಿ ತಂದು, ಹಿಂದೆ ಕೆಳಗಡೆ ಚಾಚಿರುವ ಪೈಪನ್ನು ಪಾದದಿಂದ ಒತ್ತಿ, ಹಿಡಿಕೆಯನ್ನು ಹಿಂದಕ್ಕೆಳೆದರೆ ಮುಂಗಾಲಿ ಏಳುತ್ತದೆ. ಅದನ್ನು ಮೆಟ್ಟಿಲ ಮೇಲಿಟ್ಟು, ದೊಡ್ಡ ಗಾಲಿ ಅಂಚಿಗೆ ತಾಗುವ ತನಕ ಸರಿಸಿ, ಸೊಂಟದಿಂದ ಒತ್ತಿ ಏರಿಸಿ. ತೋಳಿನ ಬಲದ ಕೆಲಸವಲ್ಲ ಇದು. ಇಳಿಯುವಾಗ ಯಾವತ್ತೂ ಹಿಮ್ಮುಖ. ಕಡಿದಾದ ಇಳಿಜಾರಿಗೂ ಅದೇ ನಿಯಮ. ನಿಂತು ನೋಡುವಾಗ ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ. ಮಕ್ಕಳು ನೂಕುತ್ತೇವೆ ಅಂದರೆ ಮಟ್ಟಸ ಕಾಂಕ್ರೀಟಿನ ಮೇಲೆ ಮಾತ್ರ ಬಿಡಿ.

ಹಳ್ಳಿಮನೆಯ ಮಾದರಿ ಅಂದಮೇಲೆ ಹೊಸ್ತಿಲು, ಕಟ್ಟೆ, ತಗ್ಗು ಬಾಗಿಲು ಇರುವುದೇ. 7 ಸೆಂ.ಮೀ. ಹೊಸ್ತಿಲಿಗೆ 19 ಮಿ.ಮೀ. ದಪ್ಪದ, 75 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಪ್ಲೈವುಡ್ ಹಲಗೆ ಸಾಕು. ತೂಕ ಎಂಟು ಕೆ.ಜಿ. ಆಸುಪಾಸು. ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ ಅನ್ನುವುದು ಇಳಿಜಾರಿನ ಲೆಕ್ಕ. ಅದರಂತೆ 15 ಸೆಂ.ಮೀ. ಮೆಟ್ಟಿಲಿಗೆ 180 ಸೆಂ.ಮೀ. ಹಲಗೆ ಬೇಕು, ಹೊತ್ತು ತಿರುಗುವ ಮಾತಲ್ಲ. ಮೂರು ಮೆಟ್ಟಿಲಿಗಿಂತ ಹೆಚ್ಚಿದ್ದರೆ ಆ ಜಾಗ ಬಿಟ್ಟುಬಿಡಿ, ಫೋನಿನಲ್ಲಿ ವಿಡಿಯೋ ಮಾಡಿ ತಂದು ತೋರಿಸಿ. ಎತ್ತಲೇಬೇಕಾದರೆ ನಾಲ್ಕು ಜನ, ಹಿಡಿಯುವುದು ಕುರ್ಚಿಯ ಮೂಲ ಚೌಕಟ್ಟನ್ನು. ಕೈಪಟ್ಟಿ, ಕಾಲಿನ ಹಲಗೆ ಕಳಚುವಂಥವು, ನಡುದಾರಿಯಲ್ಲಿ ಕೈಗೇ ಬರುತ್ತವೆ. ಮದುವೆ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೊಯ್ಯುವ ಧೈರ್ಯ ಇಲ್ಲಿ ಬೇಡ, ಬಿಸಿಲಲ್ಲಿ ಒಣಗಿದ ಪ್ಲಾಸ್ಟಿಕ್ ಕಾಲು ಸೀಳುತ್ತದೆ.

ಶಿಲ್ಪದ ಮುಂದೆ ಕುರ್ಚಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರಲ್ಲಿ ಅರ್ಧ ಸಂತೋಷ ಇದೆ. ಕೂತವರ ಕಣ್ಣು ನೆಲದಿಂದ 110–120 ಸೆಂ.ಮೀ. ಮೇಲಿರುತ್ತದೆ. ನಿಂತವರು ಮುಂದೆ ಬಂದರೆ ಅವರಿಗೆ ಕಾಣುವುದು ಬರೀ ಬೆನ್ನು. ಆದ್ದರಿಂದ ಮೊದಲು ಕುರ್ಚಿ, ಆಮೇಲೆ ಉಳಿದವರು ಅದರ ಹಿಂದೆ. ಮೂರು ನಾಲ್ಕು ಮೀಟರ್ ದೂರ ಬಿಟ್ಟರೆ ಕತ್ತು ಎತ್ತದೆ ಪೂರ್ತಿ ಮೂರ್ತಿ ಕಾಣುತ್ತದೆ. ಸೂರ್ಯ ಅವರ ಬೆನ್ನಿಗಿರಲಿ. ಪ್ರತಿ ಮೂರ್ತಿಯ ಮುಂದೆ ಅರ್ಧ ನಿಮಿಷ ನಿಂತು ಓಡುವುದಕ್ಕಿಂತ ಏಳೆಂಟು ಜಾಗ ಆರಿಸಿ, ಒಂದೊಂದರಲ್ಲಿ ಕಾಲು ತಾಸು ಕೂರಿ. ಮೊಮ್ಮಕ್ಕಳನ್ನು ಅವರ ಮಗ್ಗುಲಿಗೆ ಬಿಡಿ. ಹಗ್ಗ ಹೊಸೆಯುವುದು ಹೇಗೆ, ಬೀಸುವಾಗ ಯಾವ ಹಾಡು ಹೇಳುತ್ತಿದ್ದರು ಅಂತ ಹುಡುಗರು ಕೇಳಲಿ. ಡಾ. ರಾಜ್‌ಕುಮಾರ್ ಪಾತ್ರಗಳ ಶಿಲ್ಪಗಳ ಮುಂದೆ ಮಾತು ತಾನೇ ಹರಿಯುತ್ತದೆ, ಅಲ್ಲಿಗೆ ಸಮಯ ಹೆಚ್ಚೇ ಇಟ್ಟುಕೊಳ್ಳಿ.

ಅರ್ಧ ತಾಸಿಗೊಮ್ಮೆ ಅವರ ಭಾರ ಬದಲಿಸಬೇಕು. ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಯ ಮೇಲಿಟ್ಟು ಒಂದೆರಡು ನಿಮಿಷ, ಇಲ್ಲವೇ ಒಂದು ಬದಿಗೆ ವಾಲಿ ಇನ್ನೊಂದು ಬದಿ ಹಗುರ ಮಾಡುವುದು. ಬೆನ್ನುಹುರಿಗೆ ಪೆಟ್ಟಾದವರಿಗೆ ಕುಂಡಿಯಲ್ಲಿ ನೋವು ಗೊತ್ತಾಗುವುದಿಲ್ಲ, ಬೆವರೂ ಸರಿಯಾಗಿ ಬರುವುದಿಲ್ಲ. ಅವರ ವಿಷಯದಲ್ಲಿ ಗಡಿಯಾರ ನೋಡಿಯೇ ಮಾಡಬೇಕು, ಕುತ್ತಿಗೆಗೆ ಒದ್ದೆ ಟವೆಲ್ ಇರಬೇಕು.

ನಾಲ್ಕು ಹೆಜ್ಜೆ ನಡೆಯಬಲ್ಲವರಿಗೆ ಕೋಲು ನೋವಿರುವ ಕಾಲಿನ ಎದುರು ಕೈಯಲ್ಲಿ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲಿನ ಬುಡದ ರಬ್ಬರ್ ಸವೆದಿದ್ದರೆ ಹೊರಡುವ ಮುಂಚೆ ಬದಲಿಸಿ.

ನೀರು, ಊಟ, ಶೌಚ

ದಾರಿಯಲ್ಲಿ ಶೌಚಕ್ಕೆ ಹೋಗಬೇಕಾದೀತು ಅಂತ ಅನೇಕ ಹಿರಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಮಧ್ಯಾಹ್ನಕ್ಕೆ ತಲೆ ಸುತ್ತು, ಸಂಜೆಗೆ ಉರಿಮೂತ್ರ. ಇದಕ್ಕೆ ಮದ್ದು, ಶೌಚದ ವ್ಯವಸ್ಥೆಯನ್ನು ಅವರ ಕಣ್ಣ ಮುಂದೆಯೇ ಮಾಡಿ ತೋರಿಸುವುದು. ಮಡಿಚುವ ಕಮೋಡ್ ಕುರ್ಚಿ ಕಾರಿನಲ್ಲಿದ್ದರೆ, ಬಕೆಟ್ಟಿಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ ಇರುವ ಕೋಣೆಯಲ್ಲೂ ಕೆಲಸ ನಡೆಯುತ್ತದೆ. ಜೊತೆಗೆ ಎರಡು ಜೊತೆ ಡಯಾಪರ್, ಒಂದು ತಂಬಗಿ, ಬದಲಿಸಲು ಬಟ್ಟೆ. ಬೆಳಗಿನ ನೀರಿನ ಗುಳಿಗೆ (ಮೂತ್ರ ಹೆಚ್ಚು ಹೋಗಲು ಕೊಡುವ ಗುಳಿಗೆ) ಇದ್ದವರು ಅದರ ಹೊತ್ತು ಬದಲಿಸಬಹುದೇ ಅಂತ ಡಾಕ್ಟರನ್ನು ಮೊದಲೇ ಕೇಳಲಿ, ತಾವಾಗಿ ಬಿಡಬಾರದು.

ಊಟಕ್ಕೆ ಮನೆಯ ಬುತ್ತಿಯೇ ಸರಿ. ಲಕ್ವದಿಂದ ನುಂಗಲು ತೊಂದರೆ ಇರುವವರಿಗೆ ಗಿರ್ಮಿಟ್ ಕೊಡಬೇಡಿ, ಉದುರುದುರಾದ ಚುರಮರಿ ಗಂಟಲಲ್ಲಿ ಸಿಕ್ಕು ಕೆಮ್ಮು ಹತ್ತುತ್ತದೆ. ಮೊಸರನ್ನ, ಹಾಲಲ್ಲಿ ನೆನೆಸಿದ ರೊಟ್ಟಿ ನೆಟ್ಟಗೆ ಕೂತು ನಿಧಾನವಾಗಿ ಉಣ್ಣಲಿ. ಉಂಡ ಮೇಲೆ ಅರ್ಧ ತಾಸು ಕೂತೇ ಇರಬೇಕು, ಆಮೇಲೆ ನೆರಳಲ್ಲಿ ಚಾಪೆ ಹಾಸಿ ಮಲಗಿಸಿ. ಇನ್ಸುಲಿನ್ ಇದ್ದರೆ ಅದನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಬರಬೇಡಿ.

ದೊಡ್ಡ ಪಾರ್ಕಿಗೆ ಹೋಗುವುದಾದರೆ

ಬೆಂಗಳೂರಿನ ಬಳಿಯ ಬಿಡದಿಯಂಥ ಕಡೆ ಹೋಗಲು ರೈಲು ವಾಸಿ. ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ನಿಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ತಿಳಿಯದಿದ್ದರೆ ಕುರ್ಚಿ ನೂಕಿಕೊಂಡು ಓಡಬೇಕಾಗುತ್ತದೆ, ಅರ್ಧ ತಾಸು ಮುಂಚೆ ಹೋಗಿ. ಸಹಾಯಕರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ರೈಲ್ವೆಯ ರಿಯಾಯಿತಿ ಇದೆ, ಜೊತೆಗಿನ ಒಬ್ಬರಿಗೂ ಅನ್ವಯಿಸುತ್ತದೆ. ಬರೀ ವಯಸ್ಸಿನ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ. ಪಾರ್ಕಿನಲ್ಲಿ ಆಟ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ನಡುವೆ ಕರೆಂಟು ಹೋಗಿ ಇದು ಮೇಲೇ ನಿಂತರೆ ಇವರನ್ನು ಇಳಿಸುವುದು ಹೇಗೆ? ಉತ್ತರ ಮೆಟ್ಟಿಲು ಅಂದರೆ ಆ ಆಟ ಬೇಡ. ದೋಣಿಗೂ ಹಾಗೆಯೇ: ಕಾಲಿಟ್ಟಾಗ ಅಲುಗುವ ಹಲಗೆಯ ಮೇಲೆ ನಿಲ್ಲಲಾಗದವರಿಗೆ ದಂಡೆಯೇ ಚಂದ.

ಮನೆಗೆ ಬಂದ ಮೇಲೆ

ತಾಲೀಮಿನಲ್ಲಿ ಅವರು "ಸಾಕಪಾ" ಅಂದ ಹೊತ್ತನ್ನು ನೆನಪಿಟ್ಟು, ಕೊನೆಯ ಸಲ ಮಲಗಿ ಎದ್ದ ಮೇಲೆ ಅಷ್ಟು ಹೊತ್ತಾಗುವುದಕ್ಕೆ ಅರ್ಧ ತಾಸು ಮೊದಲೇ ಗೇಟಿನ ಕಡೆ ತಿರುಗಿ. ಕಾರು ಹತ್ತಿಸುವುದಕ್ಕೂ ಅವರ ಬಲ ಉಳಿದಿರಬೇಕಲ್ಲ. ರಾತ್ರಿ ಮಲಗಿಸುವಾಗ ಪಾದದ ಬಾವು ನೋಡಿ, ಕಾಲ ಕೆಳಗೆ ಎರಡು ದಿಂಬು ಇಡಿ. ಕುಂಡಿ, ಬೆನ್ನಿನ ಬುಡ, ಹಿಮ್ಮಡಿಯ ಚರ್ಮವನ್ನು ಬೆಳಕಿನಲ್ಲಿ ನೋಡಿ. ಕೆಂಪು ಅಥವಾ ಕಪ್ಪಾದ ಜಾಗವನ್ನು ಹೆಬ್ಬೆರಳಿಂದ ಒತ್ತಿ ಬಿಡಿ, ಬಣ್ಣ ಬದಲಾಗದಿದ್ದರೆ, ಅರ್ಧ ತಾಸಿನ ಮೇಲೂ ಹಾಗೇ ಉಳಿದರೆ, ಅದು ಒತ್ತಡದ ಹುಣ್ಣಿನ ಶುರು. ಅದು ಮಾಯುವವರೆಗೆ ಆ ಭಾಗದ ಮೇಲೆ ಭಾರ ಬೀಳಬಾರದು, ಮಾರನೆಯ ದಿನಕ್ಕೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಬಾಡಿಗೆಯ ಕುರ್ಚಿಯ ಮುಂಗಾಲಿಗೆ ಮೆತ್ತಿದ ಮಣ್ಣನ್ನು ಆ ರಾತ್ರಿಯೇ ಒರೆಸಿದರೆ ಒಳ್ಳೆಯದು, ಬೆಳಿಗ್ಗೆಗೆ ಗಟ್ಟಿಯಾಗಿ ಅಚ್ಚು ಹಿಡಿದುಕೊಳ್ಳುತ್ತದೆ.